ಮೂರನೇ ಅನುಬಂಧ

ಹೋದ ತಿಂಗಳು ಮಗಳ ಕಾಲೇಜು ಪ್ರವೇಶದ ಅರ್ಜಿ ಕೊಡಲು ಅವಳ ಜೊತೆ ವಿಶ್ವವಿದ್ಯಾಲಯಕ್ಕೆ ಹೋಗಿದ್ದೆ. ನಾನು ಕಾರಿನಲ್ಲೇ ಇರುತ್ತೇನೆ ಅಂದರೆ ಅವಳು ಕೇಳಲಿಲ್ಲ. "ಇಷ್ಟು ಗರ್ಮಿಯಲ್ಲಿ ಕಾರ್‌ನಲ್ಲಿ ಯಾರು ಕೂತ್ಕೋತಾರೆ ಅಮ್ಮ, ಚಲೋ, ಒಳಗೆ ಬಾ" ಎಂದು ತನ್ನ ಕಲಬೆರಕೆ ಕನ್ನಡದಲ್ಲಿ ಗದರಿದಳು. ಒಳಗೆ ಹೋದೆ. ಮೊದಲ ಮಹಡಿಯ ಉದ್ದನೆಯ ವರಾಂಡದಲ್ಲಿ ದೊಡ್ಡದೊಂದು ಕೂಲರ್ ಇಟ್ಟಿದ್ದರು. ಅದರ ಬದಿಗೆ ಕಟ್ಟಿದ ಹುಲ್ಲಿನ ಪರದೆಗೆ ಆಗಷ್ಟೇ ಯಾರೋ ನೀರು ಹಾಕಿರಬೇಕು. ಒದ್ದೆ ಹುಲ್ಲು, ತುಕ್ಕು, ವರ್ಷದ ಧೂಳು ಎಲ್ಲ ಸೇರಿದ ಆ ವಾಸನೆ ಮುಖಕ್ಕೆ ರಾಚಿತು. ಅಲ್ಲೇ ಬೆಂಚಿನ ಮೇಲೆ ಕೂತೆ.

"ಚಕ್ಕರ್ ಬಂತಾ?" ಮಗಳು ಕೇಳಿದಳು.

"ಇಲ್ಲ, ಇಲ್ಲಿ ತಣ್ಣಗಿದೆ. ನೀನು ಹೋಗಿ ಬಾ."

ವರಾಂಡದ ತುದಿಯ ಕೋಣೆಯ ಬಾಗಿಲಲ್ಲಿ ಈಗ ಬೇರೆ ಯಾರದೋ ಹೆಸರಿದೆ. ಎರಡು ವರ್ಷದ ಹಿಂದೆ ಅದು ಹಂಸಾಬೆನ್ ಅವರ ಕೋಣೆ. ನಮಗೆ ಕಾರ್ಪೊರೇಟ್ ಫೈನಾನ್ಸ್ ಕಲಿಸುತ್ತಿದ್ದವರು. ಕನ್ನಡಕಕ್ಕೆ ಕಪ್ಪು ದಾರ ಕಟ್ಟಿ ಕೊರಳಿಗೆ ಹಾಕಿಕೊಳ್ಳುತ್ತಿದ್ದರು, ಕೆಂಪು ಪೆನ್ಸಿಲಿನಲ್ಲಿ ಮಾತ್ರ ತಿದ್ದುತ್ತಿದ್ದರು. ನಾನಿಲ್ಲಿ ಓದಿದ ಕೊನೆಯ ವರ್ಷದ ಬಗ್ಗೆ ಯಾರ ಹತ್ತಿರವೂ ಮಾತಾಡಿಲ್ಲ. ಮಾತಾಡಿದರೆ ಯಾರನ್ನೋ ದೂರಿದ ಹಾಗಾಗುತ್ತದೆ, ದೂರುವುದು ನನಗೆ ಬರುವುದಿಲ್ಲ. ಆದರೆ ಅವತ್ತು ಆ ಬೆಂಚಿನ ಮೇಲೆ ಕೂತು ನೆನಪು ಮಾಡಿಕೊಂಡದ್ದನ್ನು ಹಾಗೆಯೇ ಬರೆಯುತ್ತಿದ್ದೇನೆ.

ನಮ್ಮದು ಉಡುಪಿ ಕಡೆಯಿಂದ ಬಂದ ಹೋಟೆಲಿನ ಮನೆತನ. ಮಾವ ವಡೋದರದ ಸ್ಟೇಷನ್ ಹತ್ತಿರ ಮೊದಲನೆಯ ಹೋಟೆಲು ಹಾಕಿದರು. ಈಗ ಅದನ್ನು ನಡೆಸುವವರು ಭಾವ, ಅಂದರೆ ನನ್ನ ಗಂಡನ ಅಣ್ಣ ರಾಮಚಂದ್ರ. ಎರಡನೆಯದು ಅಹಮದಾಬಾದಿನ ನರೋಡಾದಲ್ಲಿ, ಕಾರ್ಖಾನೆಗಳ ನಡುವೆ. ಅದು ನನ್ನ ಗಂಡ ಸುಧಾಕರ ಅವರದು. ಅಹಮದಾಬಾದಿನದೇ ಇನ್ನೊಂದು ತುದಿಯ ಬಡಾವಣೆ ಬೋಪಾಲಿನ ನಮ್ಮ ಫ್ಲ್ಯಾಟಿನಿಂದ ನರೋಡಾಕ್ಕೆ ಇಡೀ ಊರು ದಾಟಿ ಹೋಗಬೇಕು. ಇವರು ಮನೆಗೆ ಬಂದಾಗ ಅಂಗಿಯಲ್ಲಿ ಕಾಫಿಯ ಜೊತೆ ಕೆಮಿಕಲ್ಲಿನ ಒಂದು ಹುಳಿ ವಾಸನೆ ಇರುತ್ತಿತ್ತು. ಮೂರನೆಯದು ಸೂರತ್‌ನ ಸೀರೆ ಮಾರುಕಟ್ಟೆಯ ಹತ್ತಿರ, ಅಣ್ಣ ತಮ್ಮ ಸೇರಿ ಹಾಕಿದ್ದು, ಮ್ಯಾನೇಜರ್ ನೋಡಿಕೊಳ್ಳುತ್ತಿದ್ದರು. ಅಲ್ಲಿ ಸಾಂಬಾರಿಗಾಗಿಯೇ ಜನ ಬರುತ್ತಿದ್ದರು. ಇಡ್ಲಿ ಮುಗಿದ ಮೇಲೆ ಬಟ್ಟಲೆತ್ತಿ ಕುಡಿಯುತ್ತಿದ್ದರು.

ಆ ಸಾಂಬಾರಿನ ಹುಡಿ ಹೋಟೆಲಿನಲ್ಲಿ ತಯಾರಾಗುತ್ತಿರಲಿಲ್ಲ. ಅದು ನಮ್ಮ ಮನೆತನದ ಕ್ರಮ. ಮಾವನ ಕಾಲದಲ್ಲಿ ಅಡಿಗೆ ಭಟ್ಟರೊಬ್ಬರು ಅಳತೆ ಕಲಿತುಕೊಂಡು ಹೋಗಿ ವಡೋದರದಲ್ಲಿ ಎದುರು ಬದಿಯಲ್ಲೇ ಅಂಗಡಿ ತೆರೆದರಂತೆ. ಅಂದಿನಿಂದ ಹುಡಿ ಹುರಿಯುವುದು ಮನೆಯ ಹೆಂಗಸರು, ಮನೆಯ ಒಲೆಯಲ್ಲಿ. ಭಟ್ಟರ ಕೈಗೆ ಹೋಗುವುದು ಡಬ್ಬಿ ಮಾತ್ರ. ಅತ್ತೆಗೆ ಸಾಕಾದ ಮೇಲೆ ಅದು ನನ್ನ ಕೈಗೆ ಬಂತು. ಓರಗಿತ್ತಿಗೆ ಘಾಟು ಆಗುವುದಿಲ್ಲ, ಉಬ್ಬಸ. ಹದಿನಾರು ವರ್ಷ ಪ್ರತಿ ಮಂಗಳವಾರ, ಶುಕ್ರವಾರ ನಾನು ಹುರಿದೆ. ಕೊತ್ತಂಬರಿ ಬೇರೆ, ಮೆಂತೆ ಬೇರೆ, ಉದ್ದು ಬೇರೆ, ಬ್ಯಾಡಗಿ ಮೆಣಸು ಬೇರೆ. ಕೊತ್ತಂಬರಿಯ ಬಣ್ಣ ತಿರುಗಿದ ಕೂಡಲೇ ಇಳಿಸಬೇಕು. ತಿರುಗಿ ಒಂದು ಗಳಿಗೆ ತಡವಾದರೂ ಇಡೀ ಡಬ್ಬಿ ಕಹಿ. ವಡೋದರದ್ದು, ಸೂರತ್‌ನದ್ದು ಬೆಳಗಿನ ಬಸ್ಸಿನಲ್ಲಿ ಪಾರ್ಸೆಲ್ ಹೋಗುತ್ತಿತ್ತು. ಆ ದಿನಗಳಲ್ಲಿ ಮಗಳು ಮೂಗಿಗೆ ದುಪಟ್ಟಾ ಕಟ್ಟಿಕೊಂಡು ಓಡಾಡುವಳು.

ಅತ್ತೆ ತೀರಿಕೊಂಡ ಮರು ವರ್ಷ ನಾನು ವಾರಾಂತ್ಯದ ಸ್ನಾತಕೋತ್ತರ ತರಗತಿಗೆ ಸೇರಿದೆ. ನನ್ನ ಬಿ.ಕಾಂ. ಮಂಗಳೂರಿನಲ್ಲಿ ಆಗಿತ್ತು, ಅದಕ್ಕೂ ಮುಂಚೆ ಕಾನ್ವೆಂಟು. ಸಿಸ್ಟರುಗಳು ಗೆರೆ ಹಾಕಿಸಿ ಬರೆಸಿದ ಅಕ್ಷರ ಇನ್ನೂ ಹಾಗೆಯೇ ಇತ್ತು. ಇವರು ಬೇಡ ಅನ್ನಲಿಲ್ಲ. "ಹೋಗು, ಹೊತ್ತು ಹೋಗ್ತದೆ" ಅಂದರು. ಭಾವ ಫೋನಿನಲ್ಲಿ ನಕ್ಕರು. "ಗಲ್ಲಾದಲ್ಲಿ ಕೂತ್ಕೊಳ್ಳಲಿಕ್ಕೆ ನಂಗೆ ಯಾವ ಡಿಗ್ರಿ ಉಂಟು ಹೇಳು? ಆಗ್ಲಿ, ಮನೆಯಲ್ಲಿ ಒಬ್ರು ಓದಿದವ್ರು ಇರ್ಲಿ."

ಮೊದಲ ವರ್ಷ ಹೇಗೋ ಕಳೆಯಿತು. ನನಗಿಂತ ಇಪ್ಪತ್ತು ವರ್ಷ ಚಿಕ್ಕವರ ನಡುವೆ ಮೊದಲ ಬೆಂಚು ನನ್ನದು. ಎರಡನೆಯ ವರ್ಷದ ಮಳೆಗಾಲದಲ್ಲಿ ಪ್ರಾಜೆಕ್ಟು ಶುರುವಾಯಿತು. ಹಂಸಾಬೆನ್ ಹೇಳಿದರು: "ಷೇರುಪೇಟೆಯ ದೊಡ್ಡ ಕಂಪನಿಗಳು ಬೇಡ. ಅವುಗಳ ಲೆಕ್ಕ ಇಂಟರ್‌ನೆಟ್ಟಿನಲ್ಲಿ ಸಿಗುತ್ತದೆ. ನಿಮಗೆ ಒಳಗಿನಿಂದ ಗೊತ್ತಿರುವ ಒಂದು ವ್ಯವಹಾರವನ್ನು ತೆಗೆದುಕೊಳ್ಳಿ. ಅದರ ನಿಜವಾದ ಬೆಲೆ ಎಷ್ಟು ಅಂತ ತೋರಿಸಿ."

ನನಗೆ ಒಳಗಿನಿಂದ ಗೊತ್ತಿದ್ದ ವ್ಯವಹಾರ ಒಂದೇ.

ಭಾವನಿಗೆ ಹೇಳಿದಾಗ ಅವರು ನಿರೀಕ್ಷೆಗಿಂತ ಹೆಚ್ಚು ಖುಷಿಪಟ್ಟರು. ಮುಂಬೈಯ ಒಂದು ಕಂಪನಿಯವರು ಮೂರೂ ಹೋಟೆಲುಗಳನ್ನು ಹೆಸರಿನ ಸಮೇತ ಕೊಳ್ಳಲು ಕೇಳುತ್ತಿದ್ದರಂತೆ. ಭಾವನಿಗೆ ಮಂಡಿ ನೋವು, ಅವರ ಮಕ್ಕಳಿಗೆ ಹೋಟೆಲು ಬೇಡ. "ನಿನ್ನ ಯೂನಿವರ್ಸಿಟಿ ಲೆಕ್ಕ ನಮಗೂ ಆಗ್ತದೆ. ಅವ್ರು ಹೇಳಿದ ರೇಟಿಗೆ ತಲೆ ಆಡಿಸುದು ಬೇಡ. ಎಲ್ಲ ಫೈಲು ಕೊಡ್ತೇನೆ, ನೀನು ಬಾ."

ಆ ಮಳೆಗಾಲ ನಾನು ನಾಲ್ಕು ಸಲ ವಡೋದರಕ್ಕೆ, ಎರಡು ಸಲ ಸೂರತ್‌ಗೆ ಹೋದೆ. ಬೆಳಗಿನ ರೈಲು ಹಿಡಿದರೆ ಸಂಜೆಗೆ ವಾಪಸು. ವಡೋದರದ ಹೋಟೆಲಿನ ಮೂಲೆಯ ಮೇಜಿನಲ್ಲಿ ನನಗೆ ಜಾಗ ಕೊಟ್ಟಿದ್ದರು. ಹೊರಗೆ ರಸ್ತೆಯಲ್ಲಿ ಮಳೆನೀರು ಮೊಣಕಾಲಿನವರೆಗೆ ಬಂದ ದಿನ ಗಿರಾಕಿಗಳೇ ಇರಲಿಲ್ಲ. ಭಾವ ಗಲ್ಲಾದಿಂದ ಎದ್ದು ಬಂದು ಎದುರಿಗೆ ಕೂತು ಮಾವನ ಕಾಲದ ಕತೆ ಹೇಳಿದರು. ಚಹಾದ ಗ್ಲಾಸಿನ ಅಂಚನ್ನು ಹೆಬ್ಬೆರಳಿನಲ್ಲಿ ಒರೆಸಿ ನನ್ನ ಕಡೆ ತಳ್ಳಿದರು. ನನ್ನ ಜೊತೆ ಅವರು ಸಮಾನವಾಗಿ ಕೂತು ಮಾತಾಡಿದ್ದು ಅದೇ ಮೊದಲು. ಅಡುಗೆಮನೆಗೆ ಹೋಗಿ ನೋಡಿದರೆ ನನ್ನದೇ ಡಬ್ಬಿಗಳು ಸಾಲಾಗಿ ಕೂತಿದ್ದವು. ನನ್ನ ಅಕ್ಷರದ ತಾರೀಕಿನ ಚೀಟಿಗಳು ಎಣ್ಣೆ ಹಿಡಿದು ಹಳದಿಯಾಗಿದ್ದವು.

ವ್ಯವಹಾರದ ಬೆಲೆ ಕಟ್ಟುವುದು ಅಂದರೆ ಗೋಡೆ, ಮೇಜು, ಪಾತ್ರೆಗಳ ಬೆಲೆ ಕೂಡಿಸುವುದಲ್ಲ. ಮುಂದಿನ ವರ್ಷಗಳಲ್ಲಿ ಅದು ತರಬಹುದಾದ ದುಡ್ಡನ್ನು ಅಂದಾಜು ಮಾಡಿ, ಇವತ್ತಿನ ಲೆಕ್ಕಕ್ಕೆ ಇಳಿಸಿ ನೋಡುವುದು. ಅದಕ್ಕೆ ಬರುವುದೆಷ್ಟು, ಹೋಗುವುದೆಷ್ಟು ಅಂತ ಒಂದೂ ಬಿಡದೆ ಗೊತ್ತಿರಬೇಕು. ನನಗೆ ಆ ಕೆಲಸ ಇಷ್ಟವಾಯಿತು. ಹುರಿಯುವಾಗ ಬೇಕಾಗುವ ಗಮನವೇ ಅಲ್ಲಿಯೂ ಬೇಕಿತ್ತು.

ಕಲಿಯುತ್ತಿದ್ದವರಲ್ಲಿ ಪಲ್ಲವಿ ಅಂತ ಹುಬ್ಬಳ್ಳಿಯ ಹುಡುಗಿ ಇದ್ದಳು. ವಾರವಿಡೀ ಒಂದು ಬ್ಯಾಂಕಿನಲ್ಲಿ ಕೆಲಸ, ಇನ್ನಿಬ್ಬರ ಜೊತೆ ಬಾಡಿಗೆ ಫ್ಲ್ಯಾಟು. ಕನ್ನಡ ಮಾತಾಡಲು ಸಿಗುತ್ತದೆಂದು ನನ್ನ ಪಕ್ಕದಲ್ಲೇ ಕೂರುತ್ತಿದ್ದಳು. ಒಂದು ಶನಿವಾರ ಊಟದ ಬಿಡುವಿನಲ್ಲಿ ನನ್ನ ಪುಸ್ತಕ ಎಳೆದುಕೊಂಡಳು.

"ಆಂಟಿ, ನಿಮ್ಮ ನೋಟ್‌ಬುಕ್ ಮೂಸಿ ನೋಡಿದ್ರ ಹಸಿವಿ ಆಗ್ತದ ನೋಡ್ರಿ. ಸಾಂಬಾರ್ ವಾಸನಿ."

"ನಿನ್ನೆ ಶುಕ್ರವಾರ. ಹುಡಿ ಮಾಡಿದ ದಿನ."

"ಮೂರೂ ಹೋಟೆಲಿಗೂ ನೀವ ಮಾಡ್ತೀರಿ?"

"ಮೂರಕ್ಕೂ ನಾನೇ."

ಅವಳು ನನ್ನ ಖರ್ಚಿನ ಪಟ್ಟಿಯ ಮೇಲೆ ಬೆರಳಾಡಿಸಿದಳು. ಭಟ್ಟರು, ಸಪ್ಲೈಯರುಗಳು, ಪಾತ್ರೆ ತೊಳೆಯುವವರು, ಕರೆಂಟು, ಬಾಡಿಗೆ, ಬಸ್ಸಿನ ಪಾರ್ಸೆಲ್. ಕೊನೆಯವರೆಗೆ ಹೋಗಿ ಬೆರಳು ಮತ್ತೆ ಮೇಲಕ್ಕೆ ಬಂತು. "ಇಲ್ಲಿ ಡಬ್ಬಿ ಒಯ್ಯೋ ಬಸ್ಸಿನವಂಗ ಕೊಟ್ಟಿದ್ದೂ ಐತಿ. ನಿಮ್ಮ ಪಗಾರ ಯಾವ ಸಾಲಿನ್ಯಾಗ ಐತ್ರಿ?"

ನಾನು ನಕ್ಕುಬಿಟ್ಟೆ. ಅವಳೂ ನಕ್ಕಳು. ಮಧ್ಯಾಹ್ನದ ತರಗತಿಯಲ್ಲಿ ಒಂದಕ್ಷರವೂ ತಲೆಗೆ ಹೋಗಲಿಲ್ಲ.

ಮರುವಾರದಿಂದ ಒಂದು ಡೈರಿಯಲ್ಲಿ ಗಂಟೆ ಬರೆದಿಡತೊಡಗಿದೆ. ಕೊತ್ತಂಬರಿ ಹಸನು ಮಾಡಿದ್ದು, ಮೆಣಸಿನ ತೊಟ್ಟು ತೆಗೆದದ್ದು, ಹುರಿದದ್ದು, ಆರಿಸಿದ್ದು, ಬೀಸಿದ್ದು, ಜರಡಿ ಹಿಡಿದದ್ದು, ಡಬ್ಬಿ ತುಂಬಿದ್ದು. ಅತ್ತೆ ಕಲಿಸಿದ ಅಳತೆ ಕುಡ್ತೆ, ಪಾವಿನದು. ಸಾಮಾನಿನ ಖರ್ಚು ಹಾಕಲು ಅದನ್ನೆಲ್ಲ ಮೊದಲ ಸಲ ತಕ್ಕಡಿಯಲ್ಲಿ ತೂಗಿ ಗ್ರಾಮಿಗೆ ತಂದೆ. ಎಂಟು ವಾರ ಹಾಗೆ ನಡೆಯಿತು. ಕೆಳಗೆ ಸೊಸೈಟಿಯ ಅಂಗಳದಲ್ಲಿ ಗರ್ಬಾ ಮುಗಿಯಿತು, ದೀಪಾವಳಿಯ ರಂಗೋಲಿ ಅಳಿಯಿತು. ಡೈರಿಯ ಪುಟಗಳ ಅಂಚು ಮಾತ್ರ ಕೆಂಪಾಗುತ್ತ ಹೋಯಿತು. ಆ ಕೆಲಸಕ್ಕೆ ಹೊರಗಿನ ಒಬ್ಬ ನಂಬಿಗಸ್ತರನ್ನು ಇಟ್ಟರೆ ಎಷ್ಟು ಕೊಡಬೇಕಾದೀತು ಎಂದು ವಿಚಾರಿಸಿ, ಆ ಮೊತ್ತವನ್ನು ಹಾಕಿ ಲೆಕ್ಕ ಮತ್ತೆ ಮಾಡಿದೆ. ವಡೋದರ, ನರೋಡಾ ಅಷ್ಟಾಗಿ ಅಲುಗಲಿಲ್ಲ. ಹುಡಿ ಎಲ್ಲಕ್ಕಿಂತ ಹೆಚ್ಚು ಹೋಗುತ್ತಿದ್ದ ಸೂರತ್‌ನ ಲಾಭ ಅರ್ಧಕ್ಕೆ ಇಳಿಯಿತು. ಅದಕ್ಕಿಂತ ಹೆಚ್ಚಾಗಿ, ಮೂರು ಹೋಟೆಲುಗಳ ರುಚಿ ಒಬ್ಬಳ ಮೇಲೆ ನಿಂತಿದೆ, ಅವಳ ಹೆಸರು ಯಾವ ಕಾಗದದಲ್ಲೂ ಇಲ್ಲ ಅಂತ ಒಂದು ವಾಕ್ಯ ಬರೆದೆ. ಇದೆಲ್ಲ ಪ್ರಾಜೆಕ್ಟಿನ ಮೂರನೇ ಅನುಬಂಧವಾಯಿತು.

ಹಂಸಾಬೆನ್ ಡಿಸೆಂಬರಿನಲ್ಲಿ ಕರಡು ಓದಿದರು. ಕೆಂಪು ಪೆನ್ಸಿಲು ಕೈಯಲ್ಲಿದ್ದರೂ ಮೂರನೇ ಅನುಬಂಧದಲ್ಲಿ ಒಂದು ಗೆರೆಯನ್ನೂ ಎಳೆಯಲಿಲ್ಲ.

"ವಿನಯಾಬೆನ್, ನಾನು ಇಪ್ಪತ್ತೈದು ವರ್ಷದಿಂದ ಗುಜರಾತಿನ ಕುಟುಂಬ ವ್ಯವಹಾರಗಳ ಲೆಕ್ಕ ನೋಡುತ್ತಿದ್ದೇನೆ. ಇದು ಎಲ್ಲ ಮನೆಯಲ್ಲೂ ಇದೆ. ಬರೆದು ತೋರಿಸಿದವರು ನೀವೇ ಮೊದಲು."

ಥ್ಯಾಂಕ್ಯೂ ಮ್ಯಾಡಂ ಅಂದೆ.

"ಮುಂದಿನ ವರ್ಷ ನನ್ನ ಬಳಿ ಪಿಎಚ್.ಡಿ.ಗೆ ಒಂದು ಜಾಗ ಇದೆ. ಸ್ಟೈಪೆಂಡ್ ಇದೆ, ವಾರಕ್ಕೆ ಎರಡು ತರಗತಿ ಪಾಠವೂ ಮಾಡಬೇಕು. ನಿಮ್ಮ ವಯಸ್ಸು ನೋಡಿ ಕಮಿಟಿ ಮೂಗು ಮುರಿಯುತ್ತದೆ. ಆದರೆ ಈ ಅನುಬಂಧ ಕೈಯಲ್ಲಿದ್ದರೆ ನಾನು ವಾದ ಮಾಡಬಲ್ಲೆ. ಬರುತ್ತೀರಾ?"

ಬರುತ್ತೇನೆ ಅಂದೆ. ಬಸ್ಸಿನಲ್ಲಿ ಬೋಪಾಲಿಗೆ ವಾಪಸಾಗುವಾಗ, ಕರಿಹಲಗೆಯ ಮುಂದೆ ನಿಂತವಳು ಯಾವ ಸೀರೆ ಉಟ್ಟಿರಬೇಕು ಅಂತೆಲ್ಲ ಯೋಚಿಸಿದೆ. ನಲವತ್ತಮೂರು ವರ್ಷಕ್ಕೆ ಅಷ್ಟು ಆಸೆ ಪಡಬಾರದಿತ್ತೋ ಏನೋ.

ಕರಡಿನ ಒಂದು ಪ್ರತಿ ಇವರಿಗೂ ಕೊಟ್ಟಿದ್ದೆ. ಓದಿ ನೋಡಿ ಅಂದಿದ್ದೆ. ಇವರು ಓದಿದರೋ ಇಲ್ಲವೋ, ಭಾವನಿಗೆ ಕಳಿಸಿದರು. ಉತ್ತರಾಯಣದ ಗಾಳಿಪಟ ಮುಗಿದ ಮೊದಲ ಭಾನುವಾರ ಭಾವ ಬಂದರು. ನಮ್ಮ ಬಾಲ್ಕನಿಯ ಕಂಬಿಗಳಿಗೆ ಇನ್ನೂ ಗಾಜುಪುಡಿ ಹಚ್ಚಿದ ಮಾಂಜಾ ದಾರ ಸುತ್ತಿಕೊಂಡಿತ್ತು. ಇವರ ಹೆಬ್ಬೆರಳಿಗೆ ಅದು ಕೊಯ್ದು ಪಟ್ಟಿ ಕಟ್ಟಿದ್ದೆ. ಭಾವ ವಡೋದರದ ಹಸಿರು ಚೇವಡಾದ ಪೊಟ್ಟಣ ಮೇಜಿನ ಮೇಲಿಟ್ಟು, ಊಟ ಮಾಡಿ, ಕೈ ತೊಳೆದು ಬಂದು ಚೀಲದಿಂದ ನನ್ನ ಕರಡು ತೆಗೆದರು.

"ವಿನಯಾ, ಒಂದು ಮಾತು ಕೇಳ್ತೇನೆ, ಬೇಜಾರು ಮಾಡ್ಬೇಡ. ಈ ಮೂರನೇ ಅನುಬಂಧ ಎಂತದ್ದು?"

"ಹುಡಿಯ ಖರ್ಚು ಭಾವ."

"ಸಾಮಾನಿನ ಖರ್ಚು ಸರಿ. ಈ ಗಂಟೆ, ಈ ಸಂಬಳ?"

"ಅದು ನನ್ನ ಕೆಲಸದ್ದು. ಬೇರೆಯವರನ್ನು ಇಟ್ಟರೆ ಕೊಡಬೇಕಾಗುವಷ್ಟು ಹಾಕಿದ್ದೇನೆ."

"ನಿಂಗೆ ಯಾರಾದ್ರೂ ಕೊಟ್ಟಿದ್ದಾರಾ ಅಷ್ಟು?"

"ಇಲ್ಲ."

"ಮತ್ತೆ ಕೊಡದ ಸಂಬಳವನ್ನು ಖರ್ಚು ಅಂತ ಬರೆಯುದು ಸುಳ್ಳಾಗುದಿಲ್ವಾ? ನೀನು ಸುಳ್ಳು ಹೇಳುವವಳಲ್ಲ ಅಂತ ಅಮ್ಮ ಯಾವಾಗ್ಲೂ ಹೇಳ್ತಿದ್ರು."

ನನ್ನ ಪುಸ್ತಕದಲ್ಲಿ ಅದಕ್ಕೆ ಉತ್ತರ ಇತ್ತು.

ಭಾವ ದನಿ ಏರಿಸುವವರಲ್ಲ. ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸಿದರು. "ಅಮ್ಮ ನಲವತ್ತು ವರ್ಷ ಹುರಿದ್ರು. ಅವ್ರು ಗಂಟೆ ಬರ್ದಿಟ್ಟಿದ್ರಾ? ನೀನು ಮನೆಯ ಸೊಸೆ. ಸಂಬಳ ಬರೆದ್ರೆ ಕೆಲಸದವಳಾಗ್ತಿ. ನಿನ್ನನ್ನು ಹಾಗೆ ನೋಡ್ಲಿಕ್ಕೆ ನಂಗಾಗುದಿಲ್ಲ." ಹೇಳುವಾಗ ಅವರ ಕಣ್ಣು ನಿಜವಾಗಿ ತುಂಬಿತ್ತು. ನಾನು ನೋಡಿದ್ದೇನೆ, ನಾಟಕವಲ್ಲ.

"ಎರಡು ಪ್ರತಿ ಮಾಡ್ತೇನೆ ಭಾವ. ಮನೆಗೆ ಬೇರೆ, ಯೂನಿವರ್ಸಿಟಿಗೆ ಬೇರೆ."

"ಅದೆಲ್ಲ ಆಗುದಿಲ್ಲ ಮಾರಾಯ್ತಿ. ಮುಂಬೈಯವ್ರಿಗೆ ನಾನು ಹೇಳಿಯಾಗಿದೆ, ಯೂನಿವರ್ಸಿಟಿ ಸೀಲು ಬಿದ್ದ ಲೆಕ್ಕ ಕೊಡ್ತೇನೆ ಅಂತ. ಲೈಬ್ರರಿಯಲ್ಲಿ ಇರುದು ಒಂದೇ ಅಲ್ವಾ? ಅವ್ರ ಜನ ಹೋಗಿ ನೋಡದೆ ಇರ್ತಾರಾ? ಇದನ್ನು ನೋಡಿದ್ರೆ ಸೂರತ್ ಹೋಟೆಲನ್ನು ಅರ್ಧಕ್ಕೆ ಕೇಳ್ತಾರೆ."

ನಾನು ಇವರ ಮುಖ ನೋಡಿದೆ. ಪಿಎಚ್.ಡಿ. ಜಾಗದ ವಿಷಯ ಇವರಿಗೆ ಗೊತ್ತಿತ್ತು. ಅವತ್ತೇ ಹೇಳಿದ್ದೆ. ಇವರು ಹೆಬ್ಬೆರಳಿನ ಪಟ್ಟಿಯ ಅಂಟನ್ನು ಉಗುರಿನಿಂದ ಎಬ್ಬಿಸುತ್ತ ಕೂತಿದ್ದರು. ಕೊನೆಗೆ, "ಒಂದು ಪುಟ ಅಲ್ವಾ ವಿನಯಾ" ಅಂದರು.

"ಪ್ರೊಫೆಸರ್ ಆ ಪುಟ ನೋಡಿಯೇ ಜಾಗ ಕೊಡ್ತೇನೆ ಅಂದದ್ದು."

"ಅದು ಸಿಗ್ತದೋ ಇಲ್ವೋ. ಇದು ಕೈಯಲ್ಲಿರುವ ವ್ಯವಹಾರ. ಮಾರಿದ ಮೇಲೆ ನೀನು ಎಷ್ಟು ಬೇಕಾದ್ರೂ ಓದು, ಯಾರು ಬೇಡ ಹೇಳ್ತಾರೆ?" ಅಂದರು ಇವರು.

ಭಾವ ಕರಡಿನಿಂದ ಅನುಬಂಧದ ಹಾಳೆಯನ್ನು ಮೆಲ್ಲಗೆ ಬಿಡಿಸಿ, ನಾಲ್ಕಾಗಿ ಮಡಚಿ ಜೇಬಿಗಿಟ್ಟುಕೊಂಡರು. "ಅಳತೆ ಬೇರೆ ಬರ್ದಿದ್ದಿ. ಇದು ಹೊರಗೆ ಸಿಗ್ಬಾರ್ದು" ಅಂದರು. ನಾನು ಅದಕ್ಕೂ ತಲೆಯಾಡಿಸಿದೆ.

ಯಾರೂ ನನ್ನ ಕೈ ಹಿಡಿದು ಅಳಿಸಲಿಲ್ಲ. ಇದನ್ನು ನಾನು ಸ್ಪಷ್ಟವಾಗಿ ಬರೆಯಬೇಕು. ಮರುದಿನ ಬೆಳಿಗ್ಗೆ ಇವರು ನರೋಡಾಕ್ಕೆ, ಮಗಳು ಶಾಲೆಗೆ ಹೋದ ಮೇಲೆ ನಾನೇ ಕಂಪ್ಯೂಟರಿನ ಮುಂದೆ ಕೂತು ತೆಗೆದೆ. ನಾಲ್ಕನೇ ಅನುಬಂಧ ಮೂರನೆಯದಾಯಿತು, ಐದು ನಾಲ್ಕಾಯಿತು. ಪುಟಸಂಖ್ಯೆ ತನ್ನಷ್ಟಕ್ಕೇ ಸರಿಯಾಯಿತು. ಸೂರತ್‌ನ ಲಾಭ ಮತ್ತೆ ಮೇಲೆ ಬಂತು. ಒಟ್ಟು ಅರ್ಧ ಗಂಟೆಯ ಕೆಲಸ. ಆಮೇಲೆ ಎದ್ದು ಹೋಗಿ ಕೊತ್ತಂಬರಿ ಹಸನು ಮಾಡಿದೆ. ಮರುದಿನ ಮಂಗಳವಾರವಿತ್ತು.

ಬೈಂಡ್ ಮಾಡಿಸಲು ಪಲ್ಲವಿಯ ಜೊತೆ ಹೋಗಿದ್ದೆ. ಅವಳು ಹಾಳೆ ಎಣಿಸುತ್ತ ನಿಂತಳು.

"ಆಂಟಿ, ಅದು ಎಲ್ಲಿ ಹೋತ್ರಿ?"

"ತೆಗೆದೆ. ಇರಲಿ ಬಿಡು."

"ನಮ್ಮವ್ವನೂ ಹಿಂಗ ಅಂತಾಳ್ರಿ" ಅಂದಳು. "ಇರ್ಲಿ ಬಿಡು ಅಂತಾಳ. ಎಷ್ಟ್ ಇಟ್ಕೊಂತೀರಿ ಒಳಗ, ಜಾಗ ಆದ್ರೂ ಎಲ್ಲೈತಿ." ಬೈಂಡಿಂಗಿನವನಿಗೆ ದುಡ್ಡು ಕೊಡಲು ತಿರುಗಿದಳು, ಮತ್ತೆ ಆ ಮಾತು ಎತ್ತಲಿಲ್ಲ.

ಮಾರ್ಚಿನಲ್ಲಿ ಒಂದು ಮಧ್ಯಾಹ್ನ ಭಾವ ಫೋನು ಮಾಡಿದರು. ಆರೋಗ್ಯ ವಿಚಾರಿಸಿದರು, ಮಗಳ ಪರೀಕ್ಷೆ ವಿಚಾರಿಸಿದರು. "ನಿನ್ನ ಅಕ್ಕ ಸ್ವಲ್ಪ ಹುಡಿ ಮನೆಗೆ ಮಾಡಿ ನೋಡ್ತೇನೆ ಹೇಳ್ತಾಳೆ. ಮೆಂತೆ ಮೊದಲಾ, ಉದ್ದು ಮೊದಲಾ?" ಓರಗಿತ್ತಿಗೆ ಘಾಟು ಆಗದು ಎಂಬುದು ಆ ಕ್ಷಣಕ್ಕೆ ನನ್ನ ತಲೆಗೆ ಹೊಳೆಯಲೇ ಇಲ್ಲ. ಹದಿನಾರು ವರ್ಷದಲ್ಲಿ ಯಾರೂ ನನ್ನ ಹತ್ತಿರ ಅದನ್ನು ಕೇಳಿರಲಿಲ್ಲ. ಉತ್ಸಾಹದಿಂದ ಎಲ್ಲ ಹೇಳಿದೆ. ಯಾವುದಕ್ಕೆ ಎಷ್ಟು ಎಣ್ಣೆ, ಯಾವುದನ್ನು ಎಣ್ಣೆಯಿಲ್ಲದೆ ಹುರಿಯಬೇಕು, ಕರಿಬೇವು ಯಾವಾಗ, ಆರಿಸುವುದು ಎಷ್ಟು ಹೊತ್ತು. "ಒಂದು ನಿಮಿಷ, ನಿಧಾನ ಹೇಳು" ಅಂತ ಎರಡು ಸಲ ತಡೆದರು. ಬರೆದುಕೊಳ್ಳುತ್ತಿದ್ದರು.

ಮೌಖಿಕ ಪರೀಕ್ಷೆ ಏಪ್ರಿಲಿನ ಕೊನೆಯಲ್ಲಿ. ಹಂಸಾಬೆನ್ ಜೊತೆ ಹೊರಗಿನ ಊರಿನ ಪರೀಕ್ಷಕರೊಬ್ಬರಿದ್ದರು. ಕಿಟಕಿಯ ಕೂಲರ್ ಒದ್ದೆ ಹುಲ್ಲಿನ ಗಾಳಿಯನ್ನು ನೇರ ನನ್ನ ಮೇಲೆ ಊದುತ್ತಿತ್ತು, ಮೇಜಿನ ಕಾಗದಗಳ ಮೇಲೆ ಪೇಪರ್‌ವೇಟ್ ಇಟ್ಟಿದ್ದರು. ಹೊರಗಿನವರು ನನ್ನ ಕೋಷ್ಟಕಗಳನ್ನು ಹೊಗಳಿದರು, ಇಷ್ಟು ಅಚ್ಚುಕಟ್ಟು ನೋಡಿಲ್ಲ ಅಂದರು. ಹಂಸಾಬೆನ್ ಪುಟ ತಿರುವುತ್ತಲೇ ಇದ್ದರು. ಅನುಬಂಧಗಳ ಹತ್ತಿರ ಬಂದು ನಿಲ್ಲಿಸಿದರು. ಕನ್ನಡಕ ಇಳಿಸಿದರು.

"ಈ ವ್ಯವಹಾರದಲ್ಲಿ ಲೆಕ್ಕಕ್ಕೆ ಬಾರದೆ ಉಳಿದ ಖರ್ಚು ಏನಾದರೂ ಇದೆಯೇ?"

ಅವರು ನನಗೆ ಬಾಗಿಲು ತೆರೆದು ಹಿಡಿದಿದ್ದರು. ಹೌದು ಅಂದರೆ ಸಾಕಿತ್ತು, ಉಳಿದದ್ದನ್ನು ಅವರೇ ಕೇಳಿ ಹೊರಡಿಸುತ್ತಿದ್ದರು. ಕಾನ್ವೆಂಟಿನಲ್ಲಿ ಹನ್ನೆರಡು ವರ್ಷ ಕಲಿತವಳು, ಉತ್ತರ ಗೊತ್ತಿದ್ದರೆ ಗೊತ್ತು, ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಅನ್ನು ಅಂತ ಕಲಿತವಳು ನಾನು. ಹೊರಗೆ ವರಾಂಡದಲ್ಲಿ ಇವರು ಕಾಯುತ್ತಿದ್ದರು. ಸೀಲು ಬಿದ್ದ ಪ್ರತಿಯನ್ನು ಅವತ್ತೇ ವಡೋದರಕ್ಕೆ ಕಳಿಸಬೇಕಿತ್ತು.

"ಇಲ್ಲ ಮ್ಯಾಡಂ" ಅಂದೆ.

ಅವರು ಏನೋ ಬರೆದುಕೊಂಡರು. ಮತ್ತೆ ತಲೆ ಎತ್ತಲಿಲ್ಲ.

ವಾರ ಕಳೆದ ಮೇಲೆ ಅವರ ಕೋಣೆಗೆ ಹೋದೆ. ಕೂರಿ ಅಂದರು, ನೀರು ಕೊಟ್ಟರು. "ವಿನಯಾಬೆನ್, ನಿಮಗೆ ಗೊತ್ತಿಲ್ಲದೆ ಬಿಟ್ಟುಹೋಗಿದ್ದರೆ ನಾನು ಕಲಿಸುತ್ತಿದ್ದೆ. ಗೊತ್ತಿದ್ದು ಬಿಟ್ಟವರನ್ನು ಕಮಿಟಿ ಮುಂದೆ ಹೇಗೆ ನಿಲ್ಲಿಸಲಿ?" ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ನಾನು ಅತ್ತುಬಿಡುತ್ತಿದ್ದೆ, ಹಗುರವಾಗುತ್ತಿತ್ತು. ಆ ಜಾಗ ರಾಜಕೋಟ್‌ನ ಒಬ್ಬ ಹುಡುಗನಿಗೆ ಸಿಕ್ಕಿತು. ನನಗೆ ಪ್ರಥಮ ದರ್ಜೆ ಬಂತು. ಭಾವ ಪೆಟ್ಟಿಗೆ ತುಂಬ ಪೇಡಾ ಕಳಿಸಿದರು.

ಮಾರಾಟದ ಕಾಗದಕ್ಕೆ ಸಹಿ ಹಾಕಿದ್ದು ಜೂನಿನಲ್ಲಿ, ಸೂರತ್‌ನ ಒಂದು ಎತ್ತರದ ಕಟ್ಟಡದ ವಕೀಲರ ಕಚೇರಿಯಲ್ಲಿ. ಮಳೆ ಇನ್ನೂ ಬಂದಿರಲಿಲ್ಲ. ಗಾಜಿನಾಚೆ ತಾಪಿ ನದಿ ಸೀಸದ ಹಾಗೆ ಕಾಣುತ್ತಿತ್ತು. ನನ್ನನ್ನು ಎಂತಕ್ಕೆ ಕರೆದದ್ದು ಅಂತ ದಾರಿಯಲ್ಲಿ ಕೇಳಿದ್ದಕ್ಕೆ ಇವರು, "ಒಂದೆರಡು ಸಹಿ ಉಂಟಂತೆ" ಅಂದಿದ್ದರು. ಕಂಪನಿಯ ಕಡೆಯ ವಕೀಲೆ ಸಣ್ಣ ವಯಸ್ಸಿನವಳು, ಬಹಳ ವಿನಯದವಳು. ನನ್ನ ಮುಂದೆ ದಪ್ಪ ಕಡತ ತಳ್ಳಿ ಹಿಂದಿಯಲ್ಲಿ ಕೇಳಿದಳು, "ವೃತ್ತಿ ಏನೆಂದು ಬರೆಯಲಿ ಮ್ಯಾಡಂ?"

"ಹೌಸ್‌ವೈಫ್" ಎಂದು ಭಾವ ಹೇಳಿದರು.

"ಓದಿ ನೋಡಿ ಸಹಿ ಮಾಡು" ಅಂದರು ಇವರು. "ನೀನು ಓದಿದವಳಲ್ವಾ."

ಓದಿದೆ. ಮಾರುವ ವಸ್ತುಗಳ ಪಟ್ಟಿಯಲ್ಲಿ ಕಟ್ಟಡದ ಬಾಡಿಗೆ ಹಕ್ಕು, ಹೋಟೆಲಿನ ಹೆಸರು, ಯಂತ್ರ, ಮೇಜು, ಪಾತ್ರೆ ಎಲ್ಲ ಇತ್ತು. ಅದರ ಕೆಳಗೆ, ಮಾವನವರಿಂದ ಇಬ್ಬರು ಗಂಡುಮಕ್ಕಳಿಗೆ ಪರಂಪರೆಯಾಗಿ ಬಂದ ಸಾಂಬಾರು ಹುಡಿಯ ತಯಾರಿಕಾ ವಿಧಾನ ಅಂತ ಒಂದು ಸಾಲು. ಅದರ ಮುಂದೆ ಬರೆದ ಮೊತ್ತ ಸೂರತ್ ಹೋಟೆಲಿನ ಯಂತ್ರ, ಮೇಜು, ಪಾತ್ರೆಗಳೆಲ್ಲ ಸೇರಿದ್ದಕ್ಕಿಂತ ದೊಡ್ಡದಿತ್ತು. ವಿವರಕ್ಕೆ ಕೊನೆಯ ಹಾಳೆ ನೋಡುವುದು ಅಂತ ಇತ್ತು. ಕೊನೆಯ ಹಾಳೆ ತೆಗೆದೆ. ನನ್ನ ಕೋಷ್ಟಕ. ನಾನು ತೂಗಿದ ಗ್ರಾಮುಗಳು, ನಾನು ಹಾಕಿದ ಗೆರೆಗಳು. ಹುರಿಯುವ ಕ್ರಮ ಮಾರ್ಚಿನಲ್ಲಿ ನಾನು ಫೋನಿನಲ್ಲಿ ಹೇಳಿದ ಹಾಗೆಯೇ ಕೆಳಗೆ ಸೇರಿತ್ತು. ಗಂಟೆಗಳ ಕಾಲಂ ಮಾತ್ರ ಇರಲಿಲ್ಲ. ಅದನ್ನು ತೆಗೆದ ಜಾಗದಲ್ಲಿ ಉಳಿದ ಕಾಲಂಗಳನ್ನು ಅಗಲ ಮಾಡಿದ್ದರು.

ಇವರ ಕಡೆ ನೋಡಿದೆ. "ನಿಂಗೆ ಹೇಳುವ ಅಂತಲೇ ಇದ್ದೆ" ಅಂದರು ಮೆಲ್ಲಗೆ.

ನನ್ನ ಸಹಿ ಬೇಕಿದ್ದದ್ದು ಬೇರೆ ಪುಟಕ್ಕೆ. ಮುಂದಿನ ಹತ್ತು ವರ್ಷ ನಾನು ಈ ಹುಡಿಯನ್ನು ಮಾರಾಟಕ್ಕೆ ತಯಾರಿಸುವುದಿಲ್ಲ, ವ್ಯಾಪಾರಕ್ಕಾಗಿ ಯಾರಿಗೂ ಕಲಿಸುವುದಿಲ್ಲ, ಉಲ್ಲಂಘಿಸಿದರೆ ನಷ್ಟ ತುಂಬಿಕೊಡುತ್ತೇನೆ ಅಂತ ಅದರಲ್ಲಿತ್ತು. ಮೂರು ಹೋಟೆಲುಗಳ ಇಷ್ಟು ವರ್ಷದ ಕಾಗದಪತ್ರಗಳಲ್ಲಿ ನನ್ನ ಪೂರ್ತಿ ಹೆಸರು ಅಚ್ಚಾಗಿದ್ದದ್ದು ಅಲ್ಲಿ ಮಾತ್ರ.

"ಅದು ಫಾರ್ಮಾಲಿಟಿ ಮಾರಾಯ್ತಿ" ಭಾವ ಸಿಹಿಯ ಪೆಟ್ಟಿಗೆ ಬಿಚ್ಚುತ್ತಿದ್ದರು. ತುಪ್ಪದಲ್ಲಿ ಮುಳುಗಿದ ಘಾರಿ. "ನೀನೆಲ್ಲಿ ಅಂಗಡಿ ಹಾಕ್ಲಿಕ್ಕುಂಟು?"

ಎಲ್ಲ ಕಲಮುಗಳನ್ನೂ ಇನ್ನೊಮ್ಮೆ ಓದಿದೆ. ಎಲ್ಲವೂ ಅರ್ಥವಾಯಿತು. ಆ ಮೊತ್ತಕ್ಕೆ ಅವರು ಹೇಗೆ ಬಂದರು, ನನ್ನ ಮುಂದಿನ ಹತ್ತು ವರ್ಷದ ಪಾಲು ಅದರಲ್ಲಿ ಎಷ್ಟು, ಎಲ್ಲವನ್ನೂ ಕಾಗದ ಪೆನ್ನಿಲ್ಲದೆ ಹೇಳಬಲ್ಲವಳಾಗಿದ್ದೆ. ಎರಡು ವರ್ಷದ ಹಿಂದೆ ಆಗಿದ್ದರೆ ಏನೂ ತಿಳಿಯದೆ ಸಹಿ ಹಾಕಿ ಘಾರಿ ತಿನ್ನುತ್ತಿದ್ದೆ.

ವಕೀಲೆ ಪೆನ್ನಿನ ಮುಚ್ಚಳ ತೆಗೆದು ಕೊಟ್ಟಳು.

"ನನ್ನ ಮಗಳಿಗೆ ಕಲಿಸಬಹುದೇ?" ಅಂತ ಕೇಳಿದೆ.

ಅವಳು ಪುಟ ತಿರುವಿ ನಿಜವಾಗಿಯೂ ಹುಡುಕಿ ನೋಡಿದಳು. "ಮನೆ ಬಳಕೆಗಾದರೆ ಏನೂ ತೊಂದರೆಯಿಲ್ಲ ಮ್ಯಾಡಂ. ಅದಕ್ಕೆ ಬೆಲೆ ಇರುವುದಿಲ್ಲವಲ್ಲ."

ನಾನು ಸಹಿ ಮಾಡಿದೆ.